ಪ್ರಾರ್ಥನೆ ಮಾಡಿ ಹೇಳ್ತೀನಿ

ಚೆನ್ನೈನ ಕ್ರೈಸ್ತ ಮಿತ್ರರ ಜೊತೆ ನಾಲ್ಕು ದಿನ ಓಡಾಡಿದವರ ಕಿವಿಗೆ ಒಂದು ಮಾತು ಬಿದ್ದೇ ಬೀಳುತ್ತದೆ: ‘ಪ್ರಾರ್ಥನೆ ಮಾಡಿ ಹೇಳ್ತೀನಿ.’ ಸಂಡೇಸ್ಕೂಲಿಗೆ ಪಾಠ ಹೇಳಲು ಬನ್ನಿ ಎಂದರೂ ಇದೇ ಉತ್ತರ, ಗಾಯನವೃಂದಕ್ಕೆ ಒಂದು ದನಿ ಕಡಿಮೆಯಿದೆ ಎಂದರೂ ಇದೇ ಉತ್ತರ. ನಾನು ಕಂಡಂತೆ, ಹೀಗೆಂದವರಲ್ಲಿ ಬಹುಪಾಲು ಜನ ಆಮೇಲೆ ಏನೂ ಹೇಳುವುದಿಲ್ಲ. ನಮ್ಮ ಕಡೆ ಹಣ ಕೈಗಡ ಕೇಳಿದಾಗ ‘ಮನೇಲಿ ಕೇಳಿ ಹೇಳ್ತೀನಿ’ ಅನ್ನುತ್ತಾರಲ್ಲ, ಹಾಗೆ. ಅಲ್ಲಿ ಹೆಂಡತಿಯ ಹೆಸರು, ಇಲ್ಲಿ ದೇವರ ಹೆಸರು. ಇಬ್ಬರೂ ಬಂದು ಸಾಕ್ಷಿ ಹೇಳುವುದಿಲ್ಲ ಎಂಬ ಧೈರ್ಯ.

ನಿಜವಾಗಿಯೂ ಕೇಳುವವರು ಇಲ್ಲವೆಂದಲ್ಲ. ಕೋಲಾರದ ಕಡೆಯ ಹುಡುಗನೊಬ್ಬ ಇಲ್ಲಿ ದೇವಶಾಸ್ತ್ರ ಓದಿ ಮುಗಿಸಿದ. ಕನ್ನಡ ಮಾತಾಡುವ ಆಸೆಗೆ ಸಂಜೆ ನನ್ನ ಜೊತೆ ಟೀ ಕುಡಿಯಲು ಬರುತ್ತಿದ್ದ. ಅವನ ಮುಂದೆ ಮೂರು ಕರೆ. ಊರಿನ ಸಭೆಗೆ ಉಪದೇಶಕನಾಗಿ ಹೋಗುವುದು ಒಂದು; ಇಲ್ಲಿಯೇ ಆಸ್ಪತ್ರೆಯೊಂದರಲ್ಲಿ ರೋಗಿಗಳ ಪಕ್ಕ ಕೂತು ಪ್ರಾರ್ಥಿಸುವ ಕೆಲಸ ಇನ್ನೊಂದು; ಉತ್ತರದ ಕಡೆ ಮಿಷನ್ ಕೆಲಸ ಮೂರನೆಯದು. ಮೂರೂ ದೇವರ ಕೆಲಸವೇ. ತೊಡಕಿರುವುದೇ ಅಲ್ಲಿ. ಕಳ್ಳತನವೋ ಸೇವೆಯೋ ಎಂದು ಆರಿಸುವುದಾದರೆ ಯಾರು ಬೇಕಾದರೂ ಆರಿಸಿಯಾರು. ಒಳ್ಳೆಯದು ಮೂರಿದ್ದಾಗ ದೇವರ ಚಿತ್ತ ಯಾವುದರ ಮೇಲಿದೆ ಎಂದು ತಿಳಿಯುವುದು ಹೇಗೆ?

ಹುಡುಗ ಉಪವಾಸ ಪ್ರಾರ್ಥನೆ ಮಾಡಿದ. ಹಿರಿಯರನ್ನು ಕೇಳಿದ, ಅವರು ತಲೆಗೊಂದರಂತೆ ಮೂರೂ ಕಡೆಗೆ ಕೈ ತೋರಿಸಿದರು. ಕೊನೆಗೆ ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ. ಸಿಕ್ಕಿದ್ದು ಅರಣ್ಯಕಾಂಡ: ಇಸ್ರಾಯೇಲರ ಯಾವ ಕುಲದಲ್ಲಿ ಯುದ್ಧಕ್ಕೆ ಹೋಗಬಲ್ಲ ಗಂಡಸರು ಎಷ್ಟು ಸಾವಿರ ಎಂಬ ಜನಗಣತಿ. ‘ಇದರಿಂದ ಆಸ್ಪತ್ರೆಯೋ ಊರೋ ಹೇಗೆ ತಿಳಿಯೋದು ಸರ್?’ ಎಂದು ಪೆಚ್ಚಾಗಿ ಕೇಳಿದ.

ನಗಬೇಡಿ. ದೇವರ ಬಲಗಡೆಯ ಹೂ ಬಿತ್ತೋ ಎಡಗಡೆಯದು ಬಿತ್ತೋ ಎಂದು ಉಸಿರು ಬಿಗಿಹಿಡಿದು ನಿಲ್ಲುವ ನಾವು ನಗುವಂತಿಲ್ಲ. ಇಲ್ಲಿನ ಎಷ್ಟೋ ಚರ್ಚುಗಳಲ್ಲಿ ಡಿಸೆಂಬರ್ 31ರ ರಾತ್ರಿ ಹನ್ನೆರಡು ಹೊಡೆದ ಮೇಲೆ ವಾಗ್ದಾನದ ಕಾರ್ಡು ಎತ್ತುವುದುಂಟು. ಬೈಬಲಿನ ಒಂದೊಂದು ವಚನ ಅಚ್ಚಾದ ಚೀಟಿಗಳು. ಸಾಲಿನಲ್ಲಿ ಬಂದು ಒಂದನ್ನು ತೆಗೆದುಕೊಂಡರೆ ಅದೇ ಆ ವರ್ಷದ ಮಾತು. ಕಾರ್ಡು ತಿರುಗಿಸಿ ನೋಡುವಾಗಿನ ಮುಖಗಳನ್ನು ನೋಡಬೇಕು, ಥೇಟ್ ಪರೀಕ್ಷೆಯ ಫಲಿತಾಂಶದ ದಿನ. ಇದಕ್ಕೆ ಹಿರಿಯರ ಆಧಾರವೂ ಇದೆ. ಯೇಸುವಿಗೆ ದ್ರೋಹ ಬಗೆದ ಯೂದನ ಸ್ಥಾನ ಖಾಲಿಯಾದಾಗ ಅಪೊಸ್ತಲರು ಇಬ್ಬರನ್ನು ನಿಲ್ಲಿಸಿ ಚೀಟಿ ಹಾಕಿದರು, ಮತ್ತೀಯನ ಹೆಸರು ಬಂತು.

ಚೀಟಿಯ ಮಾತು ಬಂದರೆ ಚೆನ್ನೈನಲ್ಲಿ ಯೇಸುವಿನ ಶಿಷ್ಯ ತೋಮನನ್ನು ಬಿಡುವಂತಿಲ್ಲ. ಮೈಲಾಪುರದ ಪಕ್ಕದ ಸ್ಯಾಂತೋಮ್ ಚರ್ಚಿನ ಅಡಿಯಲ್ಲಿ ಇವನ ಸಮಾಧಿಯಿದೆಯೆಂದು ನಂಬಿಕೆ. ಈಗಿರುವ ಬಿಳಿಯ ಕಟ್ಟಡ 1896ರದು, ನಂಬಿಕೆ ಅದಕ್ಕಿಂತ ಎಷ್ಟೋ ಹಳೆಯದು. ಬೈಬಲಿಗೆ ಸೇರದ ‘ತೋಮನ ಕೃತ್ಯಗಳು’ ಎಂಬ ಮೂರನೇ ಶತಮಾನದ ಸಿರಿಯಾಕ್ ಗ್ರಂಥದಲ್ಲಿ ಒಂದು ಕತೆ ಬರುತ್ತದೆ. ಶಿಷ್ಯರು ಲೋಕವನ್ನು ಹಂಚಿಕೊಳ್ಳಲು ಚೀಟಿ ಎತ್ತಿದರಂತೆ. ತೋಮನಿಗೆ ಇಂಡಿಯಾ ಬಂತು. ಅವನು ಒಲ್ಲೆನೆಂದ: ಮೈಯಲ್ಲಿ ಶಕ್ತಿಯಿಲ್ಲ, ನಾನು ಇಬ್ರಿಯನು, ಆ ಜನಕ್ಕೆ ಏನು ಬೋಧಿಸಲಿ? ರಾತ್ರಿ ಯೇಸು ಕಾಣಿಸಿಕೊಂಡು ಹೇಳಿದರೂ ಕೇಳಲಿಲ್ಲ. ಆಗ ಯೇಸುವೇ ಅವನನ್ನು ಬಡಗಿ ಬೇಕೆಂದು ಹುಡುಕುತ್ತಿದ್ದ ವರ್ತಕನೊಬ್ಬನಿಗೆ ಗುಲಾಮನನ್ನಾಗಿ ಮಾರಿಬಿಟ್ಟ, ಕ್ರಯಪತ್ರ ಬರೆದುಕೊಟ್ಟು! ಕತೆ ನಿಜವೋ ಸುಳ್ಳೋ, ಬರೆದವನಿಗೆ ಮನುಷ್ಯರ ಪರಿಚಯ ಚೆನ್ನಾಗಿತ್ತು. ಉತ್ತರ ಬರಲಿಲ್ಲವೆಂದು ಒದ್ದಾಡುವವರಿಗಿಂತ ಬಂದ ಉತ್ತರ ರುಚಿಸದೆ ಒದ್ದಾಡುವವರೇ ಹೆಚ್ಚು.

ಇಂಥ ತೋಮನ ಸಮಾಧಿಗೇ ದಾರಿ ಕೇಳಿಕೊಂಡು ಒಬ್ಬ ಬಂದ. ಜೆಸ್ಯೂಟ್ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್, 1545ರ ಏಪ್ರಿಲ್‌ನಲ್ಲಿ. ಅವನು ಇಂಡಿಯಾಕ್ಕೆ ಬಂದಿದ್ದೇ ಬದಲಿ ಆಳಾಗಿ. 1540ರಲ್ಲಿ ಜೆಸ್ಯೂಟರ ಮುಂದಾಳು ಇಗ್ನೇಷಿಯಸ್ ಲೊಯೊಲಾ ಆರಿಸಿದ್ದು ಬೊಬಾದಿಯಾ ಎಂಬವನನ್ನು. ಅವನು ಕಾಯಿಲೆ ಬಿದ್ದ, ಕ್ಸೇವಿಯರ್ ಹೊರಟ. ಪರವರೆಂಬ ಮೀನುಗಾರರ ಕರಾವಳಿಯಲ್ಲಿ ದುಡಿದ ಮೇಲೆ ಅವನಿಗೆ ಮುಂದೆಲ್ಲಿ ಎಂಬ ಪ್ರಶ್ನೆ ಎದ್ದಿತು. ದೂರದ ಮಕಾಸ್ಸರಿನಲ್ಲಿ ಹೊಸದಾಗಿ ಕ್ರೈಸ್ತರಾದವರಿದ್ದಾರೆ, ಹೇಳಿಕೊಡುವವರಿಲ್ಲ ಎಂಬ ಸುದ್ದಿ ಬಂದಿತ್ತು. ಹೋಗಲೋ, ಇಲ್ಲೇ ಇರಲೋ?

ಸ್ಯಾಂತೋಮಿನ ಪಾದ್ರಿ ಗಾಸ್ಪರ್ ಕೊಯೆಲ್ಯೊನ ಮನೆಯಲ್ಲಿ ಇಳಿದುಕೊಂಡು ರಾತ್ರಿ ಹೊತ್ತು ಚರ್ಚಿಗೆ ಹೋಗಿ ಪ್ರಾರ್ಥಿಸುತ್ತಿದ್ದ. ಅಲ್ಲಿ ದೆವ್ವಗಳು ಅವನನ್ನು ಚೆನ್ನಾಗಿ ಬಡಿದವೆಂಬ ಕತೆಯೂ ಇದೆ. ಮೇ 8ರಂದು ಗೋವೆಯ ಗೆಳೆಯರಿಗೆ ಪತ್ರ ಬರೆಯುವ ಹೊತ್ತಿಗೆ ಅವನ ಮನಸ್ಸು ತಿಳಿಯಾಗಿತ್ತು: ಹೋಗಬೇಕು. ಒಳಗೆ ದೊಡ್ಡ ಸಮಾಧಾನ ಸಿಕ್ಕಿತು, ಅದೇ ಗುರುತು ಎಂಬರ್ಥದಲ್ಲಿ ಬರೆದ. ಹಡಗು ಸಿಗದಿದ್ದರೆ ಕಟ್ಟುಮರದಲ್ಲಾದರೂ ಹೋಗುತ್ತೇನೆ ಎಂದ. ಈ ಊರಿನ ಮೀನುಗಾರರ ಕಟ್ಟುಮರ ನೋಡಿದವರಿಗೆ ಗೊತ್ತು, ನಾಲ್ಕು ದಿಮ್ಮಿ ಹಗ್ಗದಲ್ಲಿ ಬಿಗಿದದ್ದು. ಕಾಲಿನ ಮೇಲೆ ಸಮುದ್ರ ಹಾಯುತ್ತಿರುತ್ತದೆ. ಅದರಲ್ಲಿ ಮಕಾಸ್ಸರಿನ ದಾರಿಯಲ್ಲಿರುವ ಮಲಾಕ್ಕಾಕ್ಕೆ!

ನನಗೆ ಸೊಗಸಾಗಿ ಕಾಣುವುದು ಮುಂದಿನದು. ದೇವರ ಉತ್ತರ ಕೆಲವೇ ವಾರಗಳಲ್ಲಿ ಬಂತು, ಗಾಳಿ ತಿರುಗಿ ಹಡಗು ಹೊರಡಲು ಮಾತ್ರ ಆಗಸ್ಟ್ ಕೊನೆಯವರೆಗೆ ಕಾಯಬೇಕಾಯಿತು. ಸೆಪ್ಟೆಂಬರಿನಲ್ಲಿ ಮಲಾಕ್ಕಾ ತಲುಪಿದ. ಅಲ್ಲಿಂದ ಮಕಾಸ್ಸರಿಗೆ? ಹೋಗಲೇ ಇಲ್ಲ. 1546ರ ಜನವರಿಯಲ್ಲಿ ಅಂಬೋಯ್ನಾದ ಕಡೆ ಹೊರಟ. ಮುಂದೆ ಜಪಾನು ನೋಡಿದ. 1552ರಲ್ಲಿ ಚೀನಾದ ಬಾಗಿಲಲ್ಲಿ ತೀರಿಕೊಂಡ. ಮೈಲಾಪುರದಲ್ಲಿ ಅಷ್ಟು ಖಚಿತವಾಗಿ ಮನಸ್ಸಿಗೆ ಬಂದ ಊರನ್ನು ಅವನು ಕಣ್ಣಲ್ಲಿ ಕಾಣಲೇ ಇಲ್ಲ. ಹಾಗಂತ ಸಿಕ್ಕ ಉತ್ತರ ಸುಳ್ಳೆಂದು ಅವನು ಗೊಣಗಿದಂತಿಲ್ಲ. ನನಗನ್ನಿಸುವುದು, ಇಂಥವರಿಗೆ ಬೇಕಾದದ್ದು ವಿಳಾಸವಲ್ಲ, ಇದ್ದಲ್ಲಿಂದ ಕಾಲು ಕೀಳುವುದಕ್ಕೊಂದು ಅಪ್ಪಣೆ.

ಅವನ ಗುರು ಲೊಯೊಲಾ, ಈ ಊರಿನ ನುಂಗಂಬಾಕ್ಕಂನಲ್ಲಿ 1925ರಿಂದ ಯಾರ ಹೆಸರಿನ ಕಾಲೇಜು ಇದೆಯೋ ಆತ, ಹಿಂದೆ ಸೈನಿಕ. ಅವನ ಕ್ರಮದಲ್ಲಿ ಲೆಕ್ಕಾಚಾರವಿತ್ತು. ಇದರ ಲಾಭ ನಷ್ಟ, ಅದರ ಲಾಭ ನಷ್ಟ ತೂಗು. ಮನಸ್ಸು ಕುಗ್ಗಿರುವಾಗ ಹಿಂದಿನ ತೀರ್ಮಾನ ಬದಲಿಸಬೇಡ. ಹಿಂದೆಂದೂ ಕಾಣದ ಒಬ್ಬ ಬಂದು ಇದೇ ಪ್ರಶ್ನೆ ಕೇಳಿದರೆ ಏನು ಹೇಳುತ್ತೀಯೋ ಅದನ್ನೇ ನೀನು ಮಾಡು. ಕೊನೆಯದನ್ನು ನಾನು ಕೋಲಾರದ ಹುಡುಗನ ಮೇಲೆ ಪ್ರಯೋಗಿಸಿದೆ. ‘ಬೇರೆ ಯಾರಾದರೂ ಬಂದು ಕೇಳಿದರೆ?’ ‘ಆಸ್ಪತ್ರೆಗೆ ಹೋಗು ಅಂತೀನಿ’ ಎಂದ, ಟೀ ಲೋಟ ಕೆಳಗಿಡದೆ. ‘ಮತ್ತೆ ನೀನು?’ ‘ಪ್ರಾರ್ಥನೆ ಮಾಡಿ ಹೇಳ್ತೀನಿ ಸರ್.’

ಮುಚ್ಚಿದ ಬಾಗಿಲೂ ಉತ್ತರವೇ ಎನ್ನುವವರಿಗೆ ಕನ್ನಡದ್ದೇ ಒಂದು ಉದಾಹರಣೆಯಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮದರಾಸಿಗೆ ಬಂದಿಳಿದಾಗ ಅವನಿಗೆ ಗೊತ್ತುಮಾಡಿದ್ದ ಊರು ಶ್ರೀರಂಗಪಟ್ಟಣ. ಕಂಪನಿ ಸರ್ಕಾರಕ್ಕೆ ಆಗ ಮಿಷನರಿಗಳೆಂದರೆ ಅಷ್ಟಕ್ಕಷ್ಟೆ. ಅಲ್ಲಿಗೆ ದಾರಿಯಾಗದೆ 1810ರಲ್ಲಿ ಬಳ್ಳಾರಿಗೆ ಹೋದ. ಕನ್ನಡ ಕಲಿತ, ಬೈಬಲ್ ಅನುವಾದಕ್ಕೆ ಕೂತ. ಅಲ್ಲಿ ಅವನ ಜೊತೆಗೂಡಿದ ವಿಲಿಯಂ ರೀವ್‌ನ ಕನ್ನಡ ನಿಘಂಟು 1832ರಲ್ಲಿ ಇದೇ ಮದರಾಸಿನಲ್ಲಿ ಅಚ್ಚಾಯಿತು. ಶ್ರೀರಂಗಪಟ್ಟಣದ ಬಾಗಿಲು ತೆರೆದಿದ್ದರೆ ಮೊದಲ ಕನ್ನಡ ಬೈಬಲಿಗೆ ಮೈಸೂರು ಸೀಮೆಯ ಮಾತಿನ ವರಸೆ ಬರುತ್ತಿತ್ತೇ, ಇನ್ನಷ್ಟು ಸೊಗಸಾಗುತ್ತಿತ್ತೇ ಎಂದು ಬಳ್ಳಾರಿಯ ಗೆಳೆಯರೊಬ್ಬರ ಮುಂದೆ ಒಮ್ಮೆ ಬಾಯಿ ತಪ್ಪಿ ಅಂದೆ. ದೇವರಿಗೆ ಯಾವ ಸೀಮೆಯ ಕನ್ನಡ ಒಳ್ಳೆಯದೆಂದು ಗೊತ್ತಿದ್ದರಿಂದಲೇ ಆ ಬಾಗಿಲು ಮುಚ್ಚಿದ್ದು ಎಂದರು ಅವರು, ಪ್ರಾರ್ಥನೆಯ ಗೊಡವೆಗೇ ಹೋಗದೆ.