ಟ್ರಾಲಿಯೇರಿದ ನೀರು

ಮಾಘ ಮಾಸದ ಭಾರತ ಹುಣ್ಣಿಮೆ ಹತ್ತಿರವಾದಂತೆ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರ ಮತ್ತು ಸುತ್ತಲಿನ ಊರುಗಳ ಜನರ ಮನಸ್ಸು ಎರಡು ದಿಕ್ಕಿಗೆ ಹರಿಯುತ್ತದೆ: ಒಂದು ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಯ ಕಡೆಗೆ, ಇನ್ನೊಂದು ಘಟಪ್ರಭೆಯನ್ನು ದಾಟಿ ಸವದತ್ತಿಯ ಎಲ್ಲಮ್ಮನ ಗುಡ್ಡದ ಕಡೆಗೆ. ಸರಕಿನ ಟ್ರಾಲಿಯಲ್ಲಿ ಜನರನ್ನು ಕೂಡಿಸುವುದು ಕಾನೂನಿಗೆ ಒಪ್ಪುವ ಮಾತಲ್ಲವಾದ್ದರಿಂದ ಜನ ಕ್ರೂಸರಿನಲ್ಲಿ ಹೋದರೂ, ಒಲೆ, ಕಟ್ಟಿಗೆ, ಹಾಸಿಗೆ, ಜೋಳದ ಹಿಟ್ಟಿನ ಚೀಲ, ದೇವಿಯ ನೈವೇದ್ಯದ ಬುಟ್ಟಿಯಾದ ಪಡಲಗಿ ತುಂಬಿಸಲು ಬೇಕಾದ ಸಾಮಾನು ಇವೆಲ್ಲ ಟ್ರ್ಯಾಕ್ಟರಿನ ಹಿಂದೆಯೇ ಸಾಗುತ್ತವೆ. ಹೋಳಿಗೆಗೆ ಬೆಲ್ಲ ಎಷ್ಟು ಬೇಕೆಂಬುದರ ಮೇಲೆ ಮನೆಯಲ್ಲಿ ದಿನಗಟ್ಟಲೆ ಚರ್ಚೆ ನಡೆಯುತ್ತದೆ. ನೀರು ಎಷ್ಟು ಬೇಕೆಂದರೆ ಮಾತ್ರ ‘ಟಾಕಿ ತುಂಬ ಐತಿ’ ಎಂಬ ಒಂದೇ ಉತ್ತರ ಬರುತ್ತದೆ. ಪ್ರಯಾಣದ ಎಲ್ಲ ಸಾಮಗ್ರಿಗಳಲ್ಲಿ ಅತಿ ಭಾರವಾದದ್ದೂ ಅತಿ ಬೇಗ ಮುಗಿಯುವಂಥದ್ದೂ ಈ ನೀರೇ ಆಗಿರುವುದರಿಂದ, ಅದನ್ನು ವಾಹನಕ್ಕೇರಿಸಿ ಕಾಯ್ದುಕೊಳ್ಳುವ ವಿದ್ಯೆ ಬೆಲ್ಲದಷ್ಟಾದರೂ ಚರ್ಚೆಗೆ ಅರ್ಹವಾಗಿದೆ.

ಚಕ್ಕಡಿಯ ಕಾಲದಲ್ಲಿ ಈ ಪ್ರಶ್ನೆ ಬಹುಮಟ್ಟಿಗೆ ಹುಟ್ಟುತ್ತಲೇ ಇರಲಿಲ್ಲ. ದುಡಿಯುವ ಒಂದು ಎತ್ತಿಗೆ ದಿನಕ್ಕೆ ಸುಮಾರು 40 ಲೀಟರ್ ನೀರು ಬೇಕಾಗುವುದರಿಂದ, ಜೋಡಿ ಎತ್ತಿನ ಎರಡು ದಿನದ ನೀರನ್ನು ಬಂಡಿಗೇರಿಸಿದ್ದರೆ ಅವು ತಮ್ಮ ಬಾಯಾರಿಕೆಯನ್ನೇ ತಾವು ಎಳೆಯಬೇಕಾಗುತ್ತಿತ್ತು. ಆದ್ದರಿಂದ ದಾರಿಯೇ ನೀರನ್ನು ಹುಡುಕಿಕೊಂಡು ಹೋಗುತ್ತಿತ್ತು. ಹಳ್ಳದ ದಂಡೆಯೋ ತೋಟದ ಬಾವಿಯೋ ಬಂದಲ್ಲಿ ಕೊಳ್ಳು ಹರಿಯುವುದು, ಅಂದರೆ ನೊಗದಿಂದ ಎತ್ತು ಬಿಡುವುದು, ವಾಡಿಕೆಯಾಗಿತ್ತು. ಜನರ ಪಾಲಿಗೆ ಬಂಡಿಯಲ್ಲಿ ಒಂದು ಕೊಡವೋ, ಕಿರಿಬಾಯಿಯ ತತ್ರಾಣಿಯೋ ಇದ್ದರೆ ಸಾಕಿತ್ತು. ಬೇಸಿಗೆಯಲ್ಲಿ ದಾರಿಹೋಕರಿಗೆ ಪುಣ್ಯಾರ್ಥವಾಗಿ ನೀರು ಕೊಡುವ ಅರವಟ್ಟಿಗೆಗಳು ಉಳಿದುದನ್ನು ನೋಡಿಕೊಳ್ಳುತ್ತಿದ್ದವು. ಟ್ರ್ಯಾಕ್ಟರು ಈ ಕಟ್ಟನ್ನು ಕಡಿಯಿತು. ನೀರಿದ್ದಲ್ಲಿ ನಿಲ್ಲಲೇಬೇಕೆಂಬ ಒತ್ತಾಯ ಅದಕ್ಕಿಲ್ಲ. ಬಯಲು ಸಿಕ್ಕಲ್ಲಿ, ಡೀಸೆಲ್ ಸಿಕ್ಕಲ್ಲಿ ಅದು ನಿಲ್ಲಬಲ್ಲದು. ಆ ಸ್ವಾತಂತ್ರ್ಯದ ಬೆಲೆಯಾಗಿಯೇ ಟಾಕಿ ಟ್ರಾಲಿಗೆ ಏರಿತು.

ಮೊದಲು ಲೆಕ್ಕ. ವಿಪತ್ತಿನಲ್ಲಿ ಸಿಕ್ಕವರಿಗೆ ನೆರವಾಗುವ ಸಂಸ್ಥೆಗಳು ಜಗತ್ತಿನಾದ್ಯಂತ ಅನುಸರಿಸುವ ಸ್ಫಿಯರ್ ಎಂಬ ಮಾನದಂಡದ ಪ್ರಕಾರ ಕುಡಿಯಲು, ಅಡುಗೆಗೆ ಮತ್ತು ಮೈಕೈ ತೊಳೆಯಲು ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಯ ಮನೆಯಲ್ಲಿರುವ ಒಬ್ಬರಿಗೆ ನಿಗದಿ ಮಾಡಿದ್ದು 55 ಲೀಟರ್. ಸ್ನಾನವನ್ನು ಹೊಳೆಗೆ ಬಿಟ್ಟು, ಬಾಯಿಗೆ, ಒಲೆಗೆ ಮತ್ತು ಪಾತ್ರೆಗೆ ಮಾತ್ರ ಟಾಕಿಯ ನೀರೆಂದು ಗೊತ್ತುಮಾಡಿದರೆ ತಲೆಗೆ ಏಳೆಂಟು ಲೀಟರಿನಲ್ಲಿ ದಿನ ಕಳೆಯಬಹುದು. ಹಾಗೆ 20 ಜನರ ತಂಡಕ್ಕೆ 500 ಲೀಟರಿನ ಟಾಕಿ ಮೂರು ದಿನ ಬಂದೀತು, 15 ಲೀಟರಿನ ಲೆಕ್ಕ ಹಿಡಿದರೆ ಎರಡನೆಯ ದಿನದ ಸಂಜೆಯೊಳಗೇ ಬರಿದಾದೀತು.

ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ 500 ಲೀಟರಿನ ಟಾಕಿ ಎಂದರೆ ಅರ್ಧ ಟನ್ ಭಾರ, ಅದೂ ನಿಂತಲ್ಲಿ ನಿಲ್ಲದ ಭಾರ. ಎರಡು ಗಾಲಿಯ ಟ್ರಾಲಿಯಲ್ಲಿ ಅಚ್ಚಿನ ಹಿಂದೆ ಅದನ್ನು ಇಟ್ಟರೆ ಮುಂದಿನ ಕೊಂಡಿ ಮೇಲಕ್ಕೆ ಎತ್ತಿದಂತಾಗಿ ಟ್ರ್ಯಾಕ್ಟರಿನ ಹಿಂಗಾಲಿಗಳ ಹಿಡಿತ ಸಡಿಲುತ್ತದೆ. ಆದ್ದರಿಂದ ಅಚ್ಚಿನಿಂದ ತುಸು ಮುಂದೆ, ಎಡಬಲಗಳ ನಟ್ಟನಡುವೆ ಇಡುವುದು ಕ್ಷೇಮ. ಪ್ಲಾಸ್ಟಿಕ್ ಟಾಕಿಯ ತಳಕ್ಕೆ ಪೂರ್ತಿ ಆಸರೆ ಬೇಕಾಗುವುದರಿಂದ ಕೆಳಗೆ ಸಮತಟ್ಟಾದ ಹಲಗೆ ಹಾಸಿ, ಒಂದು ಹರಳೂ ಉಳಿಯದಂತೆ ಗುಡಿಸಿ, ಟಾಕಿಗೂ ಟ್ರಾಲಿಯ ಪಕ್ಕದ ತಗಡಿಗೂ ನಡುವೆ ರವದಿ, ಅಂದರೆ ಕಬ್ಬಿನ ಒಣ ಸೋಗೆ, ತುಂಬಿದ ಚೀಲಗಳನ್ನು ಒತ್ತಿ, ಆಮೇಲೆ ಹಗ್ಗ ಬಿಗಿಯಬೇಕು. ಕಬ್ಬಿನ ಹಂಗಾಮು ನಡೆದಿರುವ ಈ ಸೀಮೆಯಲ್ಲಿ ರವದಿಗೆ ಬರವಿಲ್ಲ.

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಶಾಲೆಯಲ್ಲಿ ನೀತಿಪಾಠವಾಗಿ ಕಲಿಸುತ್ತಾರೆ, ಆದರೆ ಟ್ರಾಲಿಯ ಮಟ್ಟಿಗೆ ಅದು ಯಂತ್ರಶಾಸ್ತ್ರದ ಪಾಠ. ತುಂಬಿದ ಟಾಕಿಯಲ್ಲಿ ನೀರಿಗೆ ಅಲುಗಾಡಲು ಜಾಗವಿಲ್ಲ. ಅರ್ಧವಾದಾಗ ಅದು ಪ್ರತಿ ತಿರುವಿನಲ್ಲಿ, ಪ್ರತಿ ಬ್ರೇಕಿಗೆ ಒಂದೇ ಕಡೆ ನುಗ್ಗಿ ವಾಹನವನ್ನು ತನ್ನೊಡನೆ ಎಳೆಯುತ್ತದೆ. ದೊಡ್ಡ ಟ್ಯಾಂಕರುಗಳ ಒಳಗೆ ತೂತುಗಳಿರುವ ಅಡ್ಡ ತಗಡುಗಳನ್ನು ಕೂಡಿಸಿ ಈ ನುಗ್ಗಾಟವನ್ನು ಮುರಿಯುತ್ತಾರೆ. ಪ್ಲಾಸ್ಟಿಕ್ ಟಾಕಿಗೆ ಆ ಅನುಕೂಲವಿಲ್ಲದಿದ್ದರೂ 500 ಲೀಟರಿನ ಒಂದರ ಬದಲು 250ರ ಎರಡನ್ನು ಇಟ್ಟು, ಒಂದು ಪೂರ್ತಿ ಮುಗಿದ ಮೇಲೆಯೇ ಇನ್ನೊಂದನ್ನು ತೆರೆದರೆ ಅರ್ಧ ನೀರಿನ ಅಪಾಯ ಒಂದೇ ಸಣ್ಣ ಟಾಕಿಗೆ ಸೀಮಿತವಾಗುತ್ತದೆ. ಒಂದು ಸೋರಿದರೂ, ಒಂದರಲ್ಲಿ ಕೆಟ್ಟ ನೀರು ಬಿದ್ದರೂ ಇನ್ನೊಂದು ಉಳಿದಿರುತ್ತದೆ.

ನಳ ಕೂಡಿಸುವ ತೂತನ್ನು ತಳಕ್ಕೆ ತಾಗಿಸದೆ ಎರಡು ಮೂರು ಬೆರಳು ಮೇಲೆ ಕೊರೆಯುವುದು ಲೇಸು, ಏಕೆಂದರೆ ಗಸಿ ಕೆಳಗೆ ನಿಲ್ಲುತ್ತದೆ. ಆ ತೂತಿಗೆ ರಬ್ಬರ್ ವಾಷರ್ ಇರುವ ಟ್ಯಾಂಕ್ ನಿಪ್ಪಲ್ ಬಿಗಿದು, ಅಲ್ಲಿಂದ ಗಡುಸಾದ ಪಿವಿಸಿ ಪೈಪಿನ ಬದಲು ಮೆತ್ತನೆಯ ಹೋಸ್ ಪೈಪ್ ಎಳೆಯಬೇಕು; ದಾರಿಯ ಕುಲುಕಾಟಕ್ಕೆ ಗಡುಸು ಪೈಪಿನ ಜೋಡಣೆ ಬಿರುಕು ಬಿಡುತ್ತದೆ, ಹೋಸ್ ಬಾಗಿ ಉಳಿಯುತ್ತದೆ. ಮುಚ್ಚಳವನ್ನು ಗಾಳಿಯಾಡದಂತೆ ಬಿಗಿದರೆ ನೀರು ಹೊರಬಂದಂತೆ ಒಳಗೆ ಗಾಳಿಯ ಒತ್ತಡ ಕುಸಿದು ಧಾರೆ ನಿಂತೇಹೋಗುವುದರಿಂದ, ಬಟ್ಟೆಯೋ ಸಣ್ಣ ಜಾಳಿಗೆಯೋ ಕಟ್ಟಿದ ಒಂದು ಗಾಳಿಗಂಡಿ ಇರಬೇಕು.

ಉಳಿದದ್ದು ನಿಗಾ. ಟಾಕಿಯಲ್ಲಿ ಎಷ್ಟಿದೆ ಎಂಬುದನ್ನು ಜನ ಸಾಮಾನ್ಯವಾಗಿ ನಳದ ಧಾರೆ ನೋಡಿ ಅಂದಾಜಿಸುತ್ತಾರೆ, ಮೋಸ ಹೋಗುವುದು ಅಲ್ಲಿಯೇ. ಧಾರೆಯ ವೇಗ ನಳದ ಮೇಲಿರುವ ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ ಎಂಬುದು ಹದಿನೇಳನೆಯ ಶತಮಾನದ ಇಟಲಿಯ ವಿಜ್ಞಾನಿ ಟಾರಿಚೆಲ್ಲಿಯ ನಿಯಮ. ಅದರಂತೆ ನಳ ಟಾಕಿಯ ತಳದ ಮಟ್ಟದಲ್ಲಿದ್ದಾಗ ಅರ್ಧ ನೀರು ಹೋದರೂ ಧಾರೆ ಮೂರರಲ್ಲಿ ಒಂದು ಪಾಲಿನಷ್ಟೂ ಕುಗ್ಗುವುದಿಲ್ಲ, ಧಾರೆ ಅರ್ಧವಾಗುವ ಹೊತ್ತಿಗೆ ಉಳಿದಿರುವುದು ಕಾಲು ಭಾಗ ಮಾತ್ರ. ‘ಇನ್ನೂ ಅರ್ಧ ಐತಿ ಬಿಡ್ರಿ’ ಎಂಬ ಧೈರ್ಯದ ಮಾತು ಹುಟ್ಟುವುದು ಈ ಕಾಲು ಭಾಗದ ಮೇಲೆಯೇ. ವಿದೇಶಗಳಲ್ಲಿ ತಿಂಗಳುಗಟ್ಟಲೆ ವಾಹನದಲ್ಲೇ ಬಾಳುವ ಪ್ರವಾಸಿಗರು ಟಾಕಿಯ ತಳದಲ್ಲಿ ಒತ್ತಡ ಅಳೆಯುವ ಸೆನ್ಸರ್ ಕೂಡಿಸಿ, ಚಾಲಕನ ಮುಂದಿನ ಪರದೆಯಲ್ಲಿ ಅಂಕಿ ನೋಡುತ್ತಾರೆ. ಟ್ರಾಲಿಗೆ ಅದರ ಅಗತ್ಯವಿಲ್ಲ. ಟಾಕಿಯ ಹೊರಗೆ ತಳದಿಂದ ತುದಿಯವರೆಗೆ ಒಂದು ಪಾರದರ್ಶಕ ನಳಿಕೆ ನಿಲ್ಲಿಸಿದರೆ ಒಳಗಿನ ಮಟ್ಟವೇ ಅದರಲ್ಲಿ ಕಾಣುತ್ತದೆ. ತುಂಬಿಸುವಾಗ ಇಪ್ಪತ್ತು ಲೀಟರಿನ ಕ್ಯಾನಿನಿಂದ ಅಳೆದು ಸುರಿದು, ಪ್ರತಿ ಐದು ಕ್ಯಾನಿಗೆ ಒಂದು ಗೆರೆ ಎಳೆದರೆ ಮಾಪನ ಸಿದ್ಧ. ಅದನ್ನು ಸಮನೆಲದಲ್ಲಿ ಓದಬೇಕು, ಬೆಳಕಿಗೆ ನಳಿಕೆಯೊಳಗೆ ಪಾಚಿ ಕಟ್ಟದಂತೆ ಆಗಾಗ ತೊಳೆಯಬೇಕು. ಟಾಕಿ ಮಾತ್ರ ಬೆಳಕು ಹೋಗದ ಕಪ್ಪು ಬಣ್ಣದ್ದಿದ್ದರೆ ಒಳ್ಳೆಯದು.

ನೀರು ಎಷ್ಟಿದೆ ಎಂಬುದರಷ್ಟೇ ಹೇಗಿದೆ ಎಂಬುದೂ ನಿಗಾಕ್ಕೆ ಸೇರಿದ್ದು. ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಎಂಬುದು ಆರೋಗ್ಯ ಇಲಾಖೆಯ ರೂಢಿಯ ಅಳತೆ. ಅದನ್ನು ನೇರವಾಗಿ ಟಾಕಿಗೆ ಸುರಿಯದೆ ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲಿನ ತಿಳಿಯನ್ನಷ್ಟೇ ಬೆರೆಸಿ ಅರ್ಧ ಗಂಟೆ ಬಿಡಬೇಕು. ಆಮೇಲೂ ನೀರಿನಲ್ಲಿ ಉಳಿಯುವ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದು ಭಾರತೀಯ ಮಾನಕ 10500 ಹೇಳುತ್ತದೆ.

ಕಾಗವಾಡದ ಗಡಿಯಾಚೆಯ ಮಿರಜಿನಿಂದ 2016ರ ಏಪ್ರಿಲಿನಲ್ಲಿ ಬರಪೀಡಿತ ಲಾತೂರಿಗೆ ಹೊರಟ ಮೊದಲ ನೀರಿನ ರೈಲು, ನೀರನ್ನು ಸಾಗಿಸುವುದಕ್ಕಿಂತ ತುಂಬಿಸಿ ಕಾಯ್ದುಕೊಳ್ಳುವುದೇ ಕಷ್ಟವೆಂಬ ಪಾಠವನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿತು. ಹತ್ತು ವ್ಯಾಗನ್‌ಗಳಲ್ಲಿ ಸುಮಾರು ಐದು ಲಕ್ಷ ಲೀಟರ್ ಹೊತ್ತ ಆ ರೈಲಿಗೆ ಓಟ ಸುಲಭದ ಭಾಗವಾಗಿತ್ತು. ವ್ಯಾಗನ್‌ಗಳನ್ನು ಮೊದಲೇ ತೊಳೆದು ಶುದ್ಧಗೊಳಿಸುವುದು, ನಿಲ್ದಾಣದಲ್ಲಿ ತುಂಬಿಸುವುದು, ಆ ತುದಿಯಲ್ಲಿ ಇಳಿಸಿಕೊಂಡು ಊರಿಗೆ ಹಂಚುವುದು ಇವೇ ನಿಜವಾದ ಕೆಲಸವಾಗಿದ್ದವು.

ಟ್ರಾಲಿಯ ಟಾಕಿಗೂ ಓಟಕ್ಕಿಂತ ತುಂಬಿಸಿಕೊಳ್ಳುವ ಠಾವೇ ಮುಖ್ಯ: ಅದರ ಗಾತ್ರವನ್ನು ನಿರ್ಧರಿಸುವುದು ಜನರ ಬಾಯಾರಿಕೆಗಿಂತ ಹೆಚ್ಚಾಗಿ ಮುಂದಿನ ನೀರಿನ ಠಾವಿನ ದೂರ. ಸವದತ್ತಿಯ ದಾರಿ ಹಿಡಿದವರು ಘಟಪ್ರಭೆಯ ದಂಡೆಯ ಊರೊಂದರಲ್ಲಿ, ಅನಂತರ ಯರಗಟ್ಟಿಯ ಆಸುಪಾಸಿನಲ್ಲಿ ಎಲ್ಲಿ ತುಂಬಿಸಿಕೊಳ್ಳಬೇಕೆಂದು ಹೊರಡುವ ಮೊದಲೇ ಗೊತ್ತುಮಾಡಿ, ಅಡುಗೆಯ ಹೊಣೆ ಹೊತ್ತ ಹೆಣ್ಣುಮಗಳ ಕೈಗೇ ನಳದ ಅಧಿಕಾರವನ್ನೂ ಕೊಟ್ಟು, ನೀರು ಅರ್ಧದ ಗೆರೆಗಿಳಿದೊಡನೆ ಚಾಲಕನು ಮರುಮಾತಿಲ್ಲದೆ ನಿಲ್ಲಿಸಬೇಕೆಂಬ ಕಟ್ಟಳೆ ಮಾಡಿಕೊಂಡರೆ ಟಾಕಿ ಚಿಕ್ಕದಾದರೂ ನಡೆಯುತ್ತದೆ. ಗುಡ್ಡದ ಕೆಳಗೆ ಮಲಪ್ರಭೆಯ ಜಲಾಶಯವೇ ಇದೆ ಎಂದು ನಂಬಿ ಬರಿದಾದ ಟಾಕಿಯೊಡನೆ ಹುಣ್ಣಿಮೆಯ ಜನಜಂಗುಳಿಗೆ ಬಂದಿಳಿದವರು ಮಾತ್ರ, ದೇವಿಯ ದರ್ಶನದ ಸರದಿಗೆ ಮೊದಲು ನಳದ ಮುಂದಿನ ಸರದಿಯನ್ನು ಮುಗಿಸಬೇಕಾಗುತ್ತದೆ.