ಹಾಯಿದೋಣಿಯ ಹಳೆಯ ಕೊಳವೆಗಳು

ಕಡಲಿನಿಂದ ಸುಮಾರು 480 ಕಿಲೋಮೀಟರ್ ದೂರದಲ್ಲಿ, ನಮ್ಮ ಮಡಿಕೇರಿಗಿಂತಲೂ ಎತ್ತರದಲ್ಲಿರುವ ನೈರೋಬಿಯಲ್ಲಿ ಕುಳಿತು ಹಾಯಿದೋಣಿಯ ವಿಚಾರ ಬರೆಯುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ನಗರವೇ ಕಡಲಿನ ಕೂಸು. ಮೊಂಬಾಸಾ ಬಂದರಿನಿಂದ 1896ರಲ್ಲಿ ಹೊರಟ ರೈಲುಹಳಿ 1899ರಲ್ಲಿ ಇಲ್ಲಿನ ಜೌಗುನೆಲವನ್ನು ಮುಟ್ಟಿದಾಗ ಹುಟ್ಟಿದ ಊರು ಇದು. ಆ ಹಳಿಯನ್ನು ಹಾಸಲು ಮೂವತ್ತು ಸಾವಿರಕ್ಕೂ ಮಿಕ್ಕ ಭಾರತೀಯ ಕೂಲಿಗಳು ಬಂದದ್ದು ಸಮುದ್ರಮಾರ್ಗವಾಗಿಯೇ.

ನಮ್ಮ ಪಶ್ಚಿಮ ಕರಾವಳಿಗೂ ಈ ತೀರಕ್ಕೂ ಇರುವ ನಂಟು ಅದಕ್ಕಿಂತಲೂ ಹಳೆಯದು. ಚಳಿಗಾಲದ ಈಶಾನ್ಯ ಮಾರುತವನ್ನು ಇಲ್ಲಿಯವರು ‘ಕಸ್ಕಾಜಿ’ ಎನ್ನುತ್ತಾರೆ. ಅದು ಹಾಯಿಹಡಗುಗಳನ್ನು ಇತ್ತ ತರುತ್ತಿತ್ತು. ‘ಕುಸಿ’ ಎಂಬ ನೈಋತ್ಯ ಮಾರುತ ಅವುಗಳನ್ನು ಮರಳಿ ಕಳುಹಿಸುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಬೆಳೆದಂತೆ, ಮಂಗಳೂರು ಹೆಂಚು ಪೂರ್ವ ಆಫ್ರಿಕದ ಮನೆಗಳ ಮಾಡನ್ನೂ ಏರಿತು. ಪರದೇಶದ ಬೀದಿಯಲ್ಲಿ ನಡೆಯುವಾಗ ತಲೆಯೆತ್ತಿ ನೋಡಿದರೆ ತವರಿನ ಮಣ್ಣು ಕಾಣುವ ಭಾಗ್ಯ ಎಷ್ಟು ಮಂದಿಗೆ ದಕ್ಕೀತು!

ನಾನು ಹುಟ್ಟಿ ಬೆಳೆದದ್ದು ಗಂಗೊಳ್ಳಿಯ ಬಳಿ, ಪಂಚಗಂಗಾವಳಿ ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿ. ಇಂಜಿನಿಯರನಾಗಿ ನೈರೋಬಿಗೆ ಬಂದು ಮೂರು ದಶಕಗಳು ಸಂದಿವೆ. ನಿವೃತ್ತಿಯ ಅಂಚಿನಲ್ಲಿ, ನೆರೆಯ ಗುಜರಾತಿ ಮಿತ್ರರೊಡನೆ ಪಾಲುಗಾರಿಕೆಯಲ್ಲಿ ಇಪ್ಪತ್ತೆಂಟು ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡೆ. ಮೊಂಬಾಸಾದ ಉತ್ತರಕ್ಕಿರುವ ಕಿಲಿಫಿ ಹಿನ್ನೀರಿನಲ್ಲಿ ಅದರ ವಾಸ. ಗಾಳಿಯಿಲ್ಲದಾಗ, ಬಂದರು ಹೊಕ್ಕು ಹೊರಡುವಾಗ ನೆರವಾಗಲೆಂದು ಅದರ ಹೊಟ್ಟೆಯಲ್ಲೊಂದು ಸಣ್ಣ ಡೀಸೆಲ್ ಯಂತ್ರವಿದೆ.

ಒಂದು ಜನವರಿಯ ಸಂಜೆ, ಹವಳದ ದಿಬ್ಬಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಮರಳುತ್ತಿದ್ದಾಗ ಆ ಯಂತ್ರ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಹಾಯಿಗಳನ್ನು ಆಗಲೇ ಇಳಿಸಿಯಾಗಿತ್ತು. ಗಾಳಿ ದಡದತ್ತ ಬೀಸುತ್ತಿತ್ತು. ದಿಬ್ಬದ ಮೇಲೆ ಒಡೆಯುವ ತೆರೆಗಳ ನೊರೆ ಕಣ್ಣೆದುರಿಗೇ ಇತ್ತು. ದೋಣಿಯಲ್ಲಿ ನನ್ನ ಒಂಬತ್ತು ವರ್ಷದ ಮೊಮ್ಮಗಳೂ ಇದ್ದಳು. ಮಿತ್ರರು ಚುಕ್ಕಾಣಿ ಹಿಡಿದರು. ನಾನು ಲಂಗರು ಬಿಟ್ಟೆ. ದೈವಕೃಪೆಯಿಂದ ಅದು ಕಚ್ಚಿಕೊಂಡಿತು. ಇಂಧನದ ಹಾದಿಯಲ್ಲಿ ಸೇರಿದ್ದ ಗಾಳಿಯನ್ನು ಹೊರದೂಡಿ ಯಂತ್ರವನ್ನು ಮತ್ತೆ ನಡೆಸಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲಿ ಮಗು ಒಂದು ಮಾತೂ ಆಡಲಿಲ್ಲ.

ಮರುದಿನ ಪರೀಕ್ಷಿಸಿದಾಗ ಕಾರಣ ತಿಳಿಯಿತು. ಟ್ಯಾಂಕಿನಿಂದ ಶೋಧಕಕ್ಕೆ ಬರುವ ರಬ್ಬರು ಕೊಳವೆ ಗಟ್ಟಿಯಾಗಿ, ಬಾಗಿದ ಕಡೆಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡಿದ್ದವು. ಆದರೆ ಕೆಳಗೆ ಒಂದು ಹನಿ ಡೀಸೆಲ್ ಕೂಡ ಬಿದ್ದಿರಲಿಲ್ಲ. ಸಾಮಾನ್ಯ ಜನರು ಗಮನಿಸದ ಸೂಕ್ಷ್ಮವಿರುವುದು ಇಲ್ಲಿಯೇ. ಪಂಪಿನ ಮುಂದಿನ ಕೊಳವೆಯಲ್ಲಿ ಒತ್ತಡವಿರುತ್ತದೆ. ಅದು ಒಡೆದರೆ ಎಣ್ಣೆ ಹೊರಗೆ ಸೋರಿ ಕಣ್ಣಿಗೆ ಬೀಳುತ್ತದೆ. ಪಂಪಿನ ಹಿಂದಿನದು ಎಳೆಯುವ ಕೊಳವೆ. ಅದು ಬಿರಿದರೆ ಎಣ್ಣೆ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಡೀಸೆಲನ್ನು ಸಿಲಿಂಡರಿಗೆ ಸಿಂಪಡಿಸಲು ನೂರಾರು ಬಾರ್ ಒತ್ತಡ ಬೇಕು. ಗಾಳಿಯ ಗುಳ್ಳೆ ಆ ಒತ್ತಡಕ್ಕೆ ಕುಗ್ಗಿಬಿಡುವುದರಿಂದ ಸಿಂಪಡಣೆಯೇ ನಿಂತುಹೋಗುತ್ತದೆ.

“ಇಪ್ಪತ್ತೈದು ವರ್ಷ ನಡೆದಿದೆ ಭಾಯಿ, ಆ ತುಂಡೊಂದನ್ನು ಬದಲಾಯಿಸಿದರೆ ಸಾಲದೇ?” ಎಂದರು ಮಿತ್ರರು. ಅದೇ ವಯಸ್ಸಿನ ಉಳಿದ ತುಂಡುಗಳನ್ನು ನಂಬಿ ಮಗುವನ್ನು ಮತ್ತೆ ಕಡಲಿಗೆ ಕರೆದೊಯ್ಯಲು ನನ್ನ ಮನಸ್ಸು ಒಪ್ಪಲಿಲ್ಲ. ಟ್ಯಾಂಕಿನಿಂದ ಯಂತ್ರದವರೆಗೆ, ಯಂತ್ರದಿಂದ ಮರಳಿ ಟ್ಯಾಂಕಿಗೆ, ಎಲ್ಲವನ್ನೂ ಬದಲಾಯಿಸುವುದೆಂದು ನಿಶ್ಚಯಿಸಿದೆವು.

ನೈರೋಬಿಯಲ್ಲಿ ವಾಹನಗಳ ಬಿಡಿಭಾಗ ಬೇಕೆಂದರೆ ಕಿರಿನ್ಯಾಗಾ ರಸ್ತೆಗೇ ಹೋಗಬೇಕು. ಹಳಬರ ಬಾಯಲ್ಲಿ ಅದಿನ್ನೂ ಗ್ರೋಗನ್ ರಸ್ತೆ. ಅಲ್ಲಿ ಕರಿಯ ರಬ್ಬರು ಕೊಳವೆಗಳು ಹಾವಿನ ಸುರುಳಿಗಳಂತೆ ತೂಗಾಡುತ್ತವೆ. ನೋಟಕ್ಕೆ ಎಲ್ಲವೂ ಒಂದೇ. ಆದರೆ ದೋಣಿಯ ಯಂತ್ರದ ಕೋಣೆಗೆ ಬೇಕಾದದ್ದು ಮೈಮೇಲೆ ‘ಐಎಸ್ಒ 7840’ ಎಂದು ಅಚ್ಚಾಗಿರುವ ಕೊಳವೆ. ಬೆಂಕಿಯ ನಡುವೆ ಎರಡೂವರೆ ನಿಮಿಷ ತಾಳಿಕೊಳ್ಳಬೇಕೆಂಬುದು ಅದರ ಪರೀಕ್ಷೆ. ನೆಲದ ಮೇಲಾದರೆ ವಾಹನದಿಂದ ಇಳಿದು ಓಡಬಹುದು. ನಡುಗಡಲಿನಲ್ಲಿ ಆ ಎರಡೂವರೆ ನಿಮಿಷವೇ ಆಯುಷ್ಯ. ಹನ್ನೊಂದು ಅಂಗಡಿಗಳನ್ನು ಹೊಕ್ಕರೂ ಅಂಥದು ಸಿಗಲಿಲ್ಲ. ಕೊನೆಗೆ ಕೊಳವೆಯನ್ನು ಹೊರದೇಶದಿಂದಲೇ ತರಿಸಿ, ತಾಮ್ರದ ವಾಷರ್‌ಗಳನ್ನೂ ತುಕ್ಕುಹಿಡಿಯದ ಕ್ಲಿಪ್ಪುಗಳನ್ನೂ ಅಲ್ಲಿ ಕೊಂಡೆವು. ‘ಜುವಾ ಕಾಲಿ’, ಎಂದರೆ ಉರಿಬಿಸಿಲು, ಎಂಬ ಹೆಸರಿನ ಬಯಲು ಕಾರ್ಯಾಗಾರಗಳಲ್ಲಿ ಪಳಗಿದ ಫುಂಡಿಯೊಬ್ಬ, ನಮ್ಮ ಭಾಷೆಯಲ್ಲಿ ಮೇಸ್ತ್ರಿ, ಜೊತೆಗೆ ಬರಲೊಪ್ಪಿದ.

ಮೊಂಬಾಸಾಕ್ಕೆ 2017ರಲ್ಲಿ ಆರಂಭವಾದ ಹೊಸ ರೈಲಿನಲ್ಲಿ ಹೋಗಿ, ಅಲ್ಲಿಂದ ಕಿಲಿಫಿ ತಲುಪಿದೆವು. ಕೆಲಸ ಎರಡು ದಿನ ನಡೆಯಿತು. ಕೈ ತೂರದ ಸಂದುಗಳಲ್ಲಿ ಹಳೆಯ ಕೊಳವೆಯ ತುದಿಗೆ ಹೊಸದನ್ನು ಬಿಗಿದು ಎಳೆದಾಗ, ಹಳೆಯದೇ ಹೊಸದಕ್ಕೆ ದಾರಿ ತೋರಿಸಿತು. ನಾನು ಅವಸರಪಟ್ಟಾಗಲೆಲ್ಲ ಫುಂಡಿ “ಹರಾಕಾ ಹರಾಕಾ ಹೈನಾ ಬರಾಕಾ, ಮ್ಜೇ” ಎನ್ನುತ್ತಿದ್ದ. ಅವಸರಕ್ಕೆ ಆಶೀರ್ವಾದವಿಲ್ಲ ಎಂದು ಅದರ ಅರ್ಥ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮಜ್ಜಿ ಹೇಳುತ್ತಿದ್ದುದೂ ಇದನ್ನೇ.

ಕೊನೆಗೆ ಉಳಿದದ್ದು ಗಾಳಿ ತೆಗೆಯುವ ಕೆಲಸ. ಶೋಧಕದ ತಿರುಪನ್ನು ಸಡಿಲಿಸಿ, ಪಂಪಿನ ಸಣ್ಣ ಹಿಡಿಯನ್ನು ಒತ್ತುತ್ತಾ ಹೋದರೆ ಮೊದಲು ನೊರೆ, ಬಳಿಕ ಗುಳ್ಳೆ, ಕಡೆಗೆ ಶುದ್ಧ ಎಣ್ಣೆ ಬರುತ್ತದೆ. ಯಂತ್ರವನ್ನು ಬಹಳ ಹೊತ್ತು ತಿರುಗಿಸಬೇಕಾದರೆ ಸಮುದ್ರದ ನೀರು ಒಳಬರುವ ಕವಾಟವನ್ನು ಮುಚ್ಚಬೇಕು. ಇಲ್ಲವಾದರೆ ಹೊಗೆಕೊಳವೆಯ ಹಾದಿಯಲ್ಲಿ ನೀರು ತುಂಬಿ ಯಂತ್ರವನ್ನೇ ಕೆಡಿಸೀತು. ಯಂತ್ರ ಹೊತ್ತಿಕೊಂಡ ಕೂಡಲೇ ಅದನ್ನು ತೆರೆಯಲು ಮರೆಯಬಾರದು. ಟಾರ್ಚು ಹಿಡಿದಿದ್ದ ಮೊಮ್ಮಗಳಿಗೆ ಗುಳ್ಳೆ ಕಾಯುವ ಕೆಲಸ ಕೊಟ್ಟೆ. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, “ಗುಳ್ಳೆ ನಿಂತಿತು, ಅಜ್ಜಾ!” ಎಂದು ಕೂಗಿದಳು. ಹಾಯಿ, ಲಂಗರು, ಚುಕ್ಕಾಣಿ, ಗುಳ್ಳೆ: ಆ ಎರಡು ದಿನಗಳಲ್ಲಿ ಅವಳು ಕಲಿತ ಕನ್ನಡ ಮಾತುಗಳು ಇವು. ಕೈಗೆ ಕೆಲಸವಿದ್ದುದರಿಂದ ನಾಲಿಗೆಗೆ ಮಾತೂ ಬಂದಿತು.

ಎರಡು ವರ್ಷಗಳಿಗೊಮ್ಮೆ ಇಲ್ಲಿ ಕಲೆಯುವ ಬಂಧುಗಳೇ, ಭಾಷೆಯೂ ಒಂದು ತಲೆಯಿಂದ ಇನ್ನೊಂದು ತಲೆಗೆ ಇಂಥದೇ ಕೊಳವೆಗಳಲ್ಲಿ ಹರಿದುಬರುತ್ತದೆ. ಅದು ಬತ್ತುವಾಗ ನೆಲದ ಮೇಲೆ ಹನಿ ಬೀಳುವುದಿಲ್ಲ, ಸದ್ದೂ ಆಗುವುದಿಲ್ಲ. ಗಾಳಿ ಮಾತ್ರ ಮೆಲ್ಲನೆ ಒಳಸೇರುತ್ತದೆ. ಭಾಷಣಗಳಿಂದ ಅದು ನಿಲ್ಲದು. ಮಕ್ಕಳ ಕೈಗೊಂದು ಟಾರ್ಚು ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ಕನ್ನಡದಲ್ಲಿ ಏನಾದರೊಂದು ಕೆಲಸ ಹೇಳೋಣ. ತಮ್ಮೆಲ್ಲರ ಪ್ರಯಾಣ ಸುಖಕರವಾಗಿರಲಿ.