ನೀರು ಒಳಗೆ ಬಂದ ಮೇಲೆ

ನೆಲ ಮುಗಿದಲ್ಲಿ ನಿಲ್ಲದೆ ಅದೇ ನಡಿಗೆಯಲ್ಲಿ ಕೆರೆಗಿಳಿದು ತೇಲತೊಡಗುವ ಆರು ಚಕ್ರದ ಬಂಡಿಯಷ್ಟು ನನ್ನ ಮನಸ್ಸನ್ನು ಹಿಡಿದಿಟ್ಟ ಯಂತ್ರ ಇನ್ನೊಂದಿಲ್ಲ. ಅದರ ರಚನೆ ಸರಳ. ಪ್ಲಾಸ್ಟಿಕ್ಕಿನ ಒಂದು ದೊಡ್ಡ ತೊಟ್ಟಿ, ಅದರ ತಳದಲ್ಲಿ ಎಂಜಿನ್, ಎರಡೂ ಬದಿಗೆ ಮೂರು ಮೂರು ಉಬ್ಬಿದ ಟಯರು. ಸ್ಟಿಯರಿಂಗ್‌ನಿಂದ ಹೊರಳುವ ಮುಂಚಕ್ರ ಇದಕ್ಕಿಲ್ಲ; ಒಂದು ಬದಿಯ ಚಕ್ರಗಳನ್ನು ತಡೆದರೆ ಬಂಡಿ ಆ ಬದಿಗೆ ತಿರುಗುತ್ತದೆ. ನೀರಿಗಿಳಿದಾಗ ಟಯರಿನ ಮೈಮೇಲಿನ ಉಬ್ಬುಗಳೇ ಹುಟ್ಟುಗಳಾಗಿ ನೀರನ್ನು ಹಿಂದಕ್ಕೆ ತಳ್ಳುತ್ತವೆ. ಕೆನಡಾದ ಆಂಟೇರಿಯೊದಲ್ಲಿ 1967ರಿಂದ ತಯಾರಾಗುತ್ತಿರುವ ಆರ್ಗೊ ಈ ಜಾತಿಯ ಹೆಸರಾಂತ ಬಂಡಿ. ನೀರಿನಲ್ಲಿ ಅದರ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್, ಅಂದರೆ ಮನುಷ್ಯನ ನಡಿಗೆಯಷ್ಟು. ಆ ನಿಧಾನವೇ ಇದರ ಸೊಗಸು. ಚಕ್ರ ನೆಲ ಬಿಟ್ಟ ಕ್ಷಣದಲ್ಲಿ ಕುಲುಕಾಟ ನಿಂತು, ಎಂಜಿನ್ನಿನ ಭಾರವೆಲ್ಲ ನೀರಿನ ಮೇಲೆ ಕೂರುವ ಆ ಬದಲಾವಣೆಯನ್ನು ಬೇರೆ ಯಾವ ವಾಹನವೂ ಕೊಡದು. ಈ ಬಂಡಿಯನ್ನು ಮಾಡುವವರೂ ಕೊಳ್ಳುವವರೂ ನೀರು ಒಳಗೆ ಬಾರದಂತೆ ತಡೆಯುವುದು ಹೇಗೆ ಎಂಬುದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಕೇಳಬೇಕೆನ್ನುವ ಪ್ರಶ್ನೆ ಬೇರೆ: ನೀರು ಒಳಗೆ ಬಂದ ಮೇಲೆ ಬಂಡಿ ಏನು ಮಾಡುತ್ತದೆ? ಹೊಟ್ಟೆತುಂಬ ನೀರಿದ್ದೂ ತೇಲುವ ಬಂಡಿಯನ್ನು ಮಾತ್ರ ಆಳದ ನೀರಿಗೆ ಇಳಿಸಬಹುದು ಎಂಬುದು ನನ್ನ ವಾದ.

ಈ ಮಾತನ್ನು ಯೋಚಿಸಲು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಉಕ್ಕಡದ ಪೆರಿಯಕುಳಂ, ಸಿಂಗಾನಲ್ಲೂರು ಮುಂತಾದ ನೊಯ್ಯಲ್ ನದಿಯ ಕೆರೆಗಳು, ಆಳಿಯಾರು, ಉಡುಮಲೆಯ ಕಡೆಯ ತಿರುಮೂರ್ತಿ ಮತ್ತು ಅಮರಾವತಿ ಜಲಾಶಯಗಳು, ಭವಾನಿಗೆ ಅಡ್ಡಲಾಗಿ ಕಟ್ಟಿದ ಪಿಲ್ಲೂರು ಅಣೆಕಟ್ಟು, ಹೀಗೆ ಬಗೆಬಗೆಯ ನೀರು ಇಲ್ಲಿದೆ. ನೀರಿನ ಯಂತ್ರವನ್ನು ಅರೆದು ಕುಡಿದ ಊರು ಕೊಯಮತ್ತೂರು. ದೇಶದ ಹೊಲಗದ್ದೆಗಳ ಪಂಪುಗಳಲ್ಲಿ ಬಹುದೊಡ್ಡ ಪಾಲು ಇಲ್ಲಿಯ ಫೌಂಡ್ರಿ, ವರ್ಕ್‌ಶಾಪುಗಳಲ್ಲಿ ಹುಟ್ಟುತ್ತದೆ. ಇನ್ನು ಪಿಲ್ಲೂರಿನ ಹಿನ್ನೀರಿನಲ್ಲಿ, ಕಾರಮಡೈ ಅರಣ್ಯದ ಪರಳಿಕ್ಕಾಡಿನಲ್ಲಿ, ಪ್ರವಾಸಿಗರನ್ನು ಇಂದಿಗೂ ಹರಿಗೋಲಿನಲ್ಲಿ ಕರೆದೊಯ್ಯುತ್ತಾರೆ. ತಮಿಳಿನಲ್ಲಿ ಪರಿಸಲ್ ಎನ್ನುವ ಈ ಬುಟ್ಟಿದೋಣಿ ಭವಾನಿ ದಂಡೆಯ ಸಿರುಮುಗೈಯ ಕನ್ನಡ ಮಾತಿನ ನೇಕಾರರಿಗೂ ಹೊಸದಲ್ಲ, ತಲಕಾಡು, ಆನೆಗೊಂದಿಯವರಿಗೂ ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತೊಗಲು ಹೊದಿಸಿದ ಈ ದುಂಡು ದೋಣಿಗಳು ಜನರನ್ನಷ್ಟೇ ಅಲ್ಲ, ಕುದುರೆ ಎತ್ತುಗಳನ್ನೂ ದಾಟಿಸುವುದನ್ನು ಬರೆದಿಟ್ಟಿದ್ದಾನೆ. ದಡಕ್ಕೆ ಬಂದ ಅಂಬಿಗ ಅದನ್ನು ಮಗುಚಿ ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ನೆಲ, ನೀರು ಎರಡಕ್ಕೂ ಒದಗುವ ವಾಹನ ಈ ನಾಡಿನಲ್ಲಿ ಆರ್ಗೊಗಿಂತ ಶತಮಾನಗಳಷ್ಟು ಹಿಂದೆಯೇ ಇತ್ತು.

ಹರಿಗೋಲು ಗಟ್ಟಿಯೋ ಬಂಡಿ ಗಟ್ಟಿಯೋ ಎಂದು ಕೇಳಿದರೆ ಹೆಚ್ಚಿನವರು ಬಂಡಿಯೆನ್ನುತ್ತಾರೆ. ಹರಿಗೋಲು ತಿರುಗುತ್ತದೆ, ಆದ್ದರಿಂದ ಅದು ಅಸ್ಥಿರ ಎಂಬ ಎಣಿಕೆ ಅವರದು. ತಿರುಗುವುದು ಬೇರೆ, ಮಗುಚುವುದು ಬೇರೆ. ತೇಲುವ ವಸ್ತು ವಾಲಿದಾಗ ಮತ್ತೆ ನೆಟ್ಟಗಾಗುವ ಬಲ ಬರುವುದು ಅದು ನೀರಿನ ಮೇಲೆ ಎಷ್ಟು ಅಗಲವಾಗಿ ಕೂತಿದೆ, ಎಷ್ಟು ಕಡಿಮೆ ಮುಳುಗಿದೆ ಎಂಬುದರಿಂದ. ಒಂದೂವರೆ ಮೀಟರ್ ಅಗಲದ ಚೌಕ ಪೆಟ್ಟಿಗೆಯೊಂದು 30 ಸೆಂಟಿಮೀಟರ್ ಮುಳುಗಿ ತೇಲುತ್ತಿದೆ ಎಂದುಕೊಳ್ಳಿ. ಹಡಗು ಕಟ್ಟುವವರು ಮೆಟಾಸೆಂಟರ್ ಎನ್ನುವ ಬಿಂದು ಅದರ ತಳದಿಂದ ಸುಮಾರು 77 ಸೆಂಟಿಮೀಟರ್ ಎತ್ತರದಲ್ಲಿ ಬರುತ್ತದೆ. ಒಟ್ಟು ಭಾರದ ಕೇಂದ್ರ ಇದಕ್ಕಿಂತ ಕೆಳಗಿರುವವರೆಗೆ ಪೆಟ್ಟಿಗೆ ನೆಟ್ಟಗೆ ನಿಲ್ಲುತ್ತದೆ. ಎಂಜಿನ್ನು, ಸೀಟಿನ ಮೇಲೆ ಕೂತವರ ಎದೆಮಟ್ಟ, ಹಿಂದೆ ಕಟ್ಟಿದ ಸಾಮಾನು ಎಲ್ಲ ಸೇರಿದಾಗ ಆ ಕೇಂದ್ರ ಅರ್ಧ ಮೀಟರಿಗೂ ಮೇಲೇರುವುದು ಸುಲಭ. ಉಳಿಯುವುದು ಒಂದು ಗೇಣಿನ ಅಂತರ, ಯಾರಾದರೂ ಎದ್ದು ನಿಂತರೆ ಅದೂ ಕರಗುತ್ತದೆ. ಈಗ ಎಂಟು ಅಡಿ ಅಡ್ಡಳತೆಯ ಹರಿಗೋಲನ್ನು ತೆಗೆದುಕೊಳ್ಳಿ. ಎಂಟೊಂಬತ್ತು ಜನ ಕೂತಾಗ ಅದು 15 ಸೆಂಟಿಮೀಟರ್ ಮುಳುಗಬಹುದು. ಅದೇ ಸೂತ್ರದಲ್ಲಿ ಅದರ ಬಿಂದು ತಳದಿಂದ ಎರಡೂವರೆ ಮೀಟರಿನಷ್ಟು ಮೇಲಿರುತ್ತದೆ. ಜನ ಕೂರುವುದು ಸೀಟಿನ ಮೇಲಲ್ಲ, ತಳದ ಮೇಲೆಯೇ. ಚಕ್ರಗಳು ಹೊರಗಿದ್ದು ತಾವೂ ತೇಲುವುದರಿಂದ ಬಂಡಿಗೆ ಬದಿಯ ಆಸರೆ ಇದೆ ಎಂಬುದು ನಿಜ. ಆದರೂ ವಾಲುವಿಕೆಯ ವಿಷಯದಲ್ಲಿ ಬಿದಿರಿನ ಬುಟ್ಟಿಯ ಸಮಕ್ಕೆ ಅದು ಬಾರದು.

ಇಷ್ಟೆಲ್ಲ ಒಣಗಿದ ಹೊಟ್ಟೆಯ ಲೆಕ್ಕ. ತೊಟ್ಟಿಯೊಳಗೆ ಪಾದ ಮುಳುಗುವಷ್ಟು ನೀರು ನಿಂತಿತೆಂದರೆ ಲೆಕ್ಕ ತಲೆಕೆಳಗಾಗುತ್ತದೆ. ಬಂಡಿ ಎಡಕ್ಕೆ ಸ್ವಲ್ಪ ವಾಲಿದೊಡನೆ ಒಳಗಿನ ನೀರೂ ಎಡಕ್ಕೇ ಹರಿದು, ನೆಟ್ಟಗಾಗಿಸಬೇಕಾದ ಕಡೆ ತೂಕ ಕಡಿಮೆಯಾಗಿ, ವಾಲಿದ ಕಡೆಗೇ ತೂಕ ಸೇರುತ್ತದೆ. ಒಳನೀರು ತೊಟ್ಟಿಯ ಪೂರ್ತಿ ಅಗಲಕ್ಕೆ ಹರಡಿದ್ದರೆ, ಆ ಅಗಲ ಕೊಟ್ಟಿದ್ದ ಸ್ಥಿರತೆಯನ್ನು ಹೆಚ್ಚುಕಡಿಮೆ ಅಷ್ಟನ್ನೂ ಅದು ತಿಂದುಹಾಕುತ್ತದೆ. ತೊಟ್ಟಿಯ ನಡುವೆ ಉದ್ದಕ್ಕೆ ಒಂದೇ ಒಂದು ಗೋಡೆ ಎಬ್ಬಿಸಿದರೂ ಈ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಇಷ್ಟು ಸುಲಭದ ಉಪಾಯವನ್ನು ಬಿಟ್ಟು ನಾವು ಚಕ್ರದ ಗಾತ್ರ, ಎಂಜಿನ್ನಿನ ಕುದುರೆಬಲವನ್ನೇ ಹೊಗಳುತ್ತ ಕೂರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ನೀರು ಬರುವ ದಾರಿಗಳೇನೂ ಗುಟ್ಟಿನವಲ್ಲ. ಆರು ಚಕ್ರಕ್ಕೆ ಆರು ಅಚ್ಚು, ಅಂದರೆ ತೊಟ್ಟಿಯ ಗೋಡೆಯಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಆರು ತೂತು. ಪ್ರತಿಯೊಂದರಲ್ಲೂ ತಿರುಗುವ ಉಕ್ಕಿನ ಸುತ್ತ ಒಂದು ರಬ್ಬರ್ ಸೀಲು. ಕೆಸರಿನ ಮರಳು ಆ ರಬ್ಬರನ್ನು ಸವೆಸುತ್ತದೆ, ಅಚ್ಚಿಗೆ ಸುತ್ತಿಕೊಂಡ ಅಂತರಗಂಗೆಯ ನಾರು ಅದನ್ನು ಎಳೆಯುತ್ತದೆ. ಕೊಯಮತ್ತೂರಿನ ಕೆರೆಗಳಲ್ಲಿ ಅಂತರಗಂಗೆಗೆ ಬರವಿಲ್ಲ. ಒಳಗೆ ಜಿನುಗಿದ ನೀರು ತಳದ ಚೈನುಗಳಿಗೆ ತುಕ್ಕು ಹಿಡಿಸುತ್ತದೆ. ತೊಳೆದ ಮೇಲೆ ನೀರು ಬಸಿಯಲೆಂದು ತೆಗೆದ ಬಿರಡೆಯನ್ನು ಮತ್ತೆ ಹಾಕದಿದ್ದರೆ ಏನಾಗುವುದೆಂದು ವಿವರಿಸಬೇಕಿಲ್ಲ. ಎಲ್ಲಕ್ಕಿಂತ ನಾಜೂಕಾದ ಗಳಿಗೆ ದಡ ಹತ್ತುವುದು. ಮುಂದಿನ ಚಕ್ರಗಳು ಮಣ್ಣು ಕಚ್ಚಿ ಮೇಲೇರುವಾಗ ಹಿಂಭಾಗ ಇನ್ನೂ ತೇಲುತ್ತಿರುತ್ತದೆ. ಮೂತಿ ಎದ್ದಷ್ಟೂ ಬೆನ್ನು ತಗ್ಗುತ್ತದೆ, ತೊಟ್ಟಿಯ ಹಿಂದಿನ ಅಂಚು ನೀರಿನ ಮಟ್ಟ ಮುಟ್ಟಿದರೆ ಕೊಡಗಟ್ಟಲೆ ನೀರು ಒಮ್ಮೆಗೇ ಒಳನುಗ್ಗುತ್ತದೆ. ಪರಂಬಿಕುಳಂ–ಆಳಿಯಾರು ಯೋಜನೆಯ ಕಾಂಕ್ರೀಟ್ ಕಾಲುವೆಗಳ ಇಳಿಜಾರು ಬದಿಗಳಂಥ ಕಡೆ ಇದು ಇನ್ನೂ ಕೆಟ್ಟದು, ಅಲ್ಲಿ ಚಕ್ರ ಕಚ್ಚಲು ಮಣ್ಣೇ ಇಲ್ಲ.

ಸೀಲು ಗಟ್ಟಿ ಮಾಡಿದರಾಯಿತಲ್ಲ ಎನ್ನುವವರಿಗೆ ಕೊಯಮತ್ತೂರಿನ ಕಸುಬುದಾರರೇ ಉತ್ತರ ಕೊಟ್ಟಾಗಿದೆ. ಕೊಳವೆಬಾವಿಯ ಆಳದಲ್ಲಿ ಸದಾ ಮುಳುಗಿರುವ ಸಬ್‌ಮರ್ಸಿಬಲ್ ಮೋಟಾರಿನ ಕಥೆಯೂ ಇದೇ: ತಿರುಗುವ ಅಚ್ಚು, ಹೊರಗೆ ನೀರು, ಒಳಗೆ ವಿದ್ಯುತ್ತು. ನಮ್ಮ ಕೊಳವೆಬಾವಿಗಳಲ್ಲಿ ಬಹಳವಾಗಿ ಬಳಸುವ ಒಂದು ಬಗೆಯ ಮೋಟಾರಿನ ಒಡಲಿಗೆ ಮೊದಲೇ ನೀರು ತುಂಬಿಸಿಯೇ ಕೆಳಗಿಳಿಸುತ್ತಾರೆ. ಸುರುಳಿಯ ತಂತಿಗೆ ಪ್ಲಾಸ್ಟಿಕ್ ಹೊದಿಕೆ. ಒಳಗಿನ ನೀರೇ ಮೋಟಾರನ್ನು ತಂಪಾಗಿಸಿ ಬೇರಿಂಗಿಗೆ ಜಾರುಗುಣ ಕೊಡುತ್ತದೆ. ಅಲ್ಲೂ ಸೀಲು ಇದೆ, ಮರಳನ್ನು ತಡೆಯುವ ಕೆಲಸ ಅದಕ್ಕಿದೆ, ಆದರೆ ಯಂತ್ರದ ಪ್ರಾಣ ಆ ರಬ್ಬರಿನ ಮೇಲೆ ನಿಂತಿಲ್ಲ. ತೇಲುವ ಬಂಡಿಯಲ್ಲಿ ಇದೇ ಬುದ್ಧಿಯನ್ನು ಅನುಸರಿಸುವುದೆಂದರೆ ತಳದ ಖಾಲಿ ಜಾಗಗಳಿಗೆ, ಸೀಟಿನಡಿಗೆ, ಬದಿಗಳಿಗೆ ನೀರು ಹೀರದ ಫೋಮ್ ತುಂಬುವುದು. ತೊಟ್ಟಿ ಕಂಠಮಟ್ಟ ತುಂಬಿದರೂ ಎಂಜಿನ್ನಿನ ಉಕ್ಕನ್ನೂ ಜನರ ಭಾರವನ್ನೂ ಎತ್ತಿ ಹಿಡಿಯಲು ಬೇಕಾದಷ್ಟು ತುಂಬುವುದು.

ಇದು ಅತಿಯಾದ ಎಚ್ಚರಿಕೆ ಎನಿಸಿದರೆ ಅಮೆರಿಕದ ಎರಡು ದುರಂತಗಳನ್ನು ನೋಡಬೇಕು. ಎರಡನೆಯ ಮಹಾಯುದ್ಧದ ತೇಲುಲಾರಿಗಳಾದ ‘ಡಕ್’ಗಳನ್ನು ಅಲ್ಲಿ ಪ್ರವಾಸಿಗರ ವಿಹಾರಕ್ಕೆ ಬಳಸಲಾಗುತ್ತಿತ್ತು. 1999ರ ಮೇ 1ರಂದು ಅರ್ಕಾನ್ಸಾಸ್‌ನ ಲೇಕ್ ಹ್ಯಾಮಿಲ್ಟನ್‌ನಲ್ಲಿ ‘ಮಿಸ್ ಮೆಜೆಸ್ಟಿಕ್’ ನೀರಿಗಿಳಿದ ಕೆಲವೇ ನಿಮಿಷಗಳಲ್ಲಿ ಮುಳುಗಿ 13 ಜನ ಸತ್ತರು. ಬಿರುಗಾಳಿಯಿಲ್ಲ, ಡಿಕ್ಕಿಯಿಲ್ಲ, ಅಚ್ಚಿನ ಸುತ್ತಲಿನ ರಬ್ಬರ್ ಕವಚವೊಂದು ಕಳಚಿತ್ತು, ಅಷ್ಟೆ. ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ, ಒಳಗೆ ನೀರು ತುಂಬಿದರೂ ತೇಲುವಂತೆ ಈ ವಾಹನಗಳನ್ನು ಮಾರ್ಪಡಿಸಿರಿ ಎಂದು 2000ದಲ್ಲೇ ಹೇಳಿತು, ಜನ ಸಿಕ್ಕಿಕೊಳ್ಳುವ ಮೇಲ್ಛಾವಣಿಯನ್ನು ತೆಗೆಯಿರಿ ಎಂದು 2002ರಲ್ಲಿ ಹೇಳಿತು. ಹೆಚ್ಚಿನವರು ಕಿವಿಗೊಡಲಿಲ್ಲ. 2018ರ ಜುಲೈ 19ರಂದು ಮಿಸೌರಿಯ ಟೇಬಲ್ ರಾಕ್ ಸರೋವರದಲ್ಲಿ ಬಿರುಗಾಳಿಯ ಅಲೆಗಳು ‘ಸ್ಟ್ರೆಚ್ ಡಕ್ 7’ರೊಳಗೆ ನುಗ್ಗಿ, 31 ಜನರಲ್ಲಿ 17 ಜನ ತೀರಿಕೊಂಡರು. ಇಂಥ ವಾಹನಗಳ ಸುರಕ್ಷೆಗೆಂದು ಅಲ್ಲಿ ಕಾನೂನು ಬಂದದ್ದು 2022ರ ಕೊನೆಯಲ್ಲಿ. ಮೊದಲನೆಯದರಲ್ಲಿ ನೀರು ಬಂದದ್ದು ತಳದಿಂದ, ಎರಡನೆಯದರಲ್ಲಿ ಮೇಲಿನಿಂದ. ಯಾವ ಸೀಲೂ ಎರಡನ್ನೂ ತಡೆಯಲಾರದು. ಒಳಗೆ ತುಂಬಿದ ಫೋಮ್ ಎರಡರಲ್ಲೂ ಸಮಯವನ್ನಾದರೂ ಕೊಡುತ್ತಿತ್ತು.

ಪಂಪು ಇದೆಯಲ್ಲ ಎಂಬ ಆಕ್ಷೇಪ ಮೊದಲು ಬರುತ್ತದೆ. ಪಂಪು ಬೇಕು, ಖಂಡಿತ. ಆದರೆ ಅದು ಬ್ಯಾಟರಿ ಜೀವಂತವಾಗಿದ್ದಾಗ ಮಾತ್ರ ಓಡುತ್ತದೆ, ಕಸ ಕಟ್ಟಿದರೆ ನಿಲ್ಲುತ್ತದೆ. ಜಿನುಗನ್ನು ಅದು ಸಂಭಾಳಿಸುತ್ತದೆ, ನುಗ್ಗುವ ನೀರನ್ನಲ್ಲ. ಫೋಮ್ ಜಾಗ ತಿನ್ನುತ್ತದೆ, ಹಳತಾದರೆ ನೀರು ಕುಡಿದು ಭಾರವಾಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಕಳಪೆ ಫೋಮ್ ಹಾಗೆ ಮಾಡುತ್ತದೆ. ಆದ್ದರಿಂದ ಅದನ್ನು ತೆಗೆದು ತೂಗಿ ನೋಡಲು ಬರುವಂತೆ ಇಡಬೇಕು, ಕಳೆದುಕೊಂಡ ಜಾಗಕ್ಕೆ ತಕ್ಕಂತೆ ಒಬ್ಬ ಸವಾರನನ್ನು ಕಡಿಮೆ ಮಾಡಬೇಕು. ಕಂಪನಿಗಳೇ ನೆಲಕ್ಕೊಂದು, ನೀರಿಗೊಂದು ಎಂದು ಬೇರೆ ಬೇರೆ ಭಾರಮಿತಿ ಹೇಳುತ್ತವೆ. ಎಂಟು ಚಕ್ರದ ಆರ್ಗೊ ನೆಲದ ಮೇಲೆ ಆರು ಜನರನ್ನು ಒಯ್ದರೆ ನೀರಿನಲ್ಲಿ ನಾಲ್ವರನ್ನೇ. ನಮ್ಮ ಸೇನೆಯ ನಾಲ್ಕು ಚಕ್ರದ ತೇಲುಬಂಡಿ ‘ಅಟೋರ್’ 2025ರ ಪಂಜಾಬಿನ ನೆರೆಯಲ್ಲಿ ಜನರನ್ನು ಹೊತ್ತು ತಂದಿತಲ್ಲ ಎಂದು ಕೇಳುವವರಿದ್ದಾರೆ. ಆ ಗೆಲುವು ನನ್ನ ವಾದಕ್ಕೇ ಬಲ. ಅದರ ಟಯರು ಆಳೆತ್ತರ, ಸುಮಾರು 1.8 ಮೀಟರ್, ನಾಲ್ಕೂ ಸೇರಿ ತಳ್ಳಬಲ್ಲ ನೀರು ಅಂದಾಜು ನಾಲ್ಕೂವರೆ ಟನ್ನಿಗಿಂತ ಕಡಿಮೆಯಿಲ್ಲ. ಬಂಡಿಯೂ ಹೊರೆಯೂ ಸೇರಿದ ತೂಕ ಮೂರೂವರೆ ಟನ್ನಿನ ಆಸುಪಾಸು. ಅಂದರೆ ತೊಟ್ಟಿ ತುಂಬಿದರೂ ಅದನ್ನು ಎತ್ತಿ ಹಿಡಿಯುವ ಗಾಳಿ ತೊಟ್ಟಿಯ ಹೊರಗೇ, ನಾಲ್ಕು ಬೇರೆ ಬೇರೆ ಚೀಲಗಳಲ್ಲಿದೆ.

ನಮ್ಮ ಕಡೆಯ ನೀರು ಚಿಕ್ಕದು, ಅಮೆರಿಕದ ಸರೋವರಗಳ ಮಾತು ಇಲ್ಲೇಕೆ ಎಂದರೆ, ಚಿಕ್ಕ ನೀರೇ ಹೆಚ್ಚು ಮೋಸ ಮಾಡುವುದು ಎನ್ನುತ್ತೇನೆ. ನೊಯ್ಯಲ್ ತುಂಬಿ ಬಂದಾಗ ತಿರುಪ್ಪೂರಿನ ತಗ್ಗುಸೇತುವೆಗಳ ಮೇಲೆ ಹರಿಯುವ ನೀರು ಬಂಡಿಯನ್ನು ಪೂರ್ತಿ ತೇಲಿಸುವುದಿಲ್ಲ, ನೆಲದ ಮೇಲೆ ಭದ್ರವಾಗಿ ನಿಲ್ಲಲೂ ಬಿಡುವುದಿಲ್ಲ. ಅರ್ಧ ತೇಲಿದ ಬಂಡಿಗೆ ನೆಲದ ಹಿಡಿತವೂ ಇಲ್ಲ, ದೋಣಿಯ ಚಲನೆಯೂ ಇಲ್ಲ. ಹರಿವು ತಳ್ಳಿದತ್ತ ಹೋಗುತ್ತದೆ. ಉಬ್ಬಿದ ಟಯರು ಇಲ್ಲಿ ಶತ್ರು, ಬೇಗ ತೇಲಿಸುವುದೇ ಅದು. ಪಿಲ್ಲೂರು ಅಣೆಕಟ್ಟಿನ ಪೂರ್ಣಮಟ್ಟ 100 ಅಡಿ. 97 ಅಡಿ ಮುಟ್ಟಿದರೆ ಹೆಚ್ಚುವರಿ ನೀರು ಬಿಡುತ್ತಾರೆ, ಆಗ ಮೇಟ್ಟುಪಾಳಯದ ಕೆಳಗೆ ಭವಾನಿ ನೋಡನೋಡುತ್ತ ಏರುತ್ತದೆ. ಗಂಟೆಗೆ ಐದು ಕಿಲೋಮೀಟರಿನ ಬಂಡಿ ಅಂಥ ಹರಿವಿನೆದುರು ಒಂದು ಮಾರೂ ಮುಂದೆ ಹೋಗದು. ಅಮರಾವತಿಯಲ್ಲಂತೂ ಮೊಸಳೆಗಳಿವೆ, ಮಗುಚಿದವರು ಈಜಿ ಬರುತ್ತಾರೆ ಎಂಬ ಭರವಸೆಗೆ ಅಲ್ಲಿ ಎಡೆಯಿಲ್ಲ. ಹರಿಗೋಲೂ ಮಗುಚುತ್ತದೆ, ಅತಿಯಾಗಿ ಜನ ಹತ್ತಿದಾಗ, ಜನ ಎದ್ದು ಒಂದೇ ಅಂಚಿಗೆ ಬಂದಾಗ, ಅದನ್ನು ಮರೆಮಾಚಬೇಕಿಲ್ಲ. ಆದರೆ ಮಗುಚಿದ ಬಿದಿರು ನೀರಿನ ಮೇಲೇ ಇರುತ್ತದೆ, ಕೈಗೆ ಸಿಗುತ್ತದೆ. ಮುಳುಗಿದ ಬಂಡಿ ಕೈಗೆ ಸಿಗುವುದಿಲ್ಲ.

ಹಾಗಾದರೆ ಈ ಬಂಡಿ ಇಲ್ಲಿಗೆ ಬೇಡವೇ? ಹಕ್ಕಿಗಳು ನೆಲೆಸಿದ ಸಿಂಗಾನಲ್ಲೂರಿನಂಥ ಕೆರೆಗೆ ಮೋಜಿಗಾಗಿ ಅದನ್ನು ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ನೆರೆಯಲ್ಲಿ ಸಿಕ್ಕಿಕೊಂಡ ಬೀದಿಗಳಿಗೆ, ಕಳೆ ತುಂಬಿದ ಕೆರೆಯ ಅಂಚಿಗೆ, ದಾರಿಯಿಲ್ಲದ ಹಿನ್ನೀರಿನ ಹಾಡಿಗಳಿಗೆ ಅದಕ್ಕಿಂತ ಒಳ್ಳೆಯ ಸಾಧನ ಕಡಿಮೆ. ಅದನ್ನು ಇಲ್ಲೇ, ಇಲ್ಲಿಯ ನೀರಿಗೆ ತಕ್ಕಂತೆ ಕಟ್ಟುವ ಕೈಗಳೂ ಇವೆ. ಅಮೆರಿಕದ ಮಿನಿ ಬಾಹಾ ಸ್ಪರ್ಧೆಯ ಪೂರ್ವ ವಲಯದ ಸುತ್ತಿನಲ್ಲಿ ವಿದ್ಯಾರ್ಥಿಗಳು ಕಟ್ಟಿದ ಬಂಡಿ ತೇಲಲೇಬೇಕೆಂಬ ನಿಯಮ ಹಲವು ವರ್ಷ ಇತ್ತು. ಬಾಹಾಗೆಂದು ಪ್ರತಿವರ್ಷ ಬಂಡಿ ಕಟ್ಟುವ ಕೊಯಮತ್ತೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಆ ಸವಾಲನ್ನು ತಾವಾಗಿಯೇ ಎತ್ತಿಕೊಳ್ಳಲಿ ಎಂದು ಆಸೆಪಡುತ್ತೇನೆ. ಕಟ್ಟುವವರಿಗೂ ಕೊಳ್ಳುವವರಿಗೂ ನನ್ನ ಕೋರಿಕೆ ಒಂದೇ. ಜನರನ್ನು ಹತ್ತಿಸುವ ಮೊದಲು, ಸೊಂಟಮಟ್ಟದ ನಿಂತ ನೀರಿನಲ್ಲಿ, ಜನರ ತೂಕದಷ್ಟು ಮರಳುಚೀಲ ಹೇರಿ, ಬಿರಡೆ ತೆಗೆದು ತೊಟ್ಟಿಯನ್ನು ತುಂಬಲು ಬಿಡಿ. ಚಕ್ರ ನೆಲ ಮುಟ್ಟಿದರೆ ಆ ಬಂಡಿಯನ್ನು ಆಳದ ನೀರಿಗೆ ಇಳಿಸಬೇಡಿ.